ಬಾಗಿಲು ತೆರೆದಿಟ್ಟ ಆರಾಧನೆ: ಕೆಳದಿಯ ಅನುಮತಿಯಿಂದ 25ನೇ ವಿಧಿಯವರೆಗೆ

ಸೆಪ್ಟೆಂಬರ್ 8 ಕರಾವಳಿಯ ಕಥೋಲಿಕರಿಗೆ ಮೊಂತಿ ಹಬ್ಬ, ಅಂದರೆ ಯೇಸುವಿನ ತಾಯಿ ಮರಿಯಳ ಜನ್ಮದಿನ. ಅದಕ್ಕೆ ಮೊದಲು ಒಂಬತ್ತು ದಿನ ನೊವೆನಾ ಎಂಬ ಪ್ರಾರ್ಥನೆ. ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಬಾಲ ಮರಿಯಳಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಗೆ ಆಶೀರ್ವಚನವಾಗಿ, ಮೆರವಣಿಗೆ ಹೊರಡುತ್ತದೆ. ಮನೆಗೆ ತಂದ ತೆನೆಯ ಕಾಳು ಸುಲಿದು, ಪುಡಿ ಮಾಡಿ, ಪಾಯಸಕ್ಕೋ ತೆಂಗಿನ ಹಾಲಿಗೋ ಬೆರೆಸಿ ಎಲ್ಲರೂ ಸೇವಿಸುತ್ತಾರೆ. ಊಟ ಬಾಳೆಲೆಯಲ್ಲಿ, ಮೀನು ಮಾಂಸ ಇಲ್ಲ, ಪದಾರ್ಥಗಳ ಲೆಕ್ಕ ಬೆಸ ಸಂಖ್ಯೆಯಲ್ಲೇ ಇರಬೇಕು. ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಯಲ್ಲಿ (ಚರ್ಚಿನಲ್ಲಿ) 1763ರಲ್ಲಿ ಇದನ್ನು ಆರಂಭಿಸಿದವರು ಫಾದರ್ ಜೋಕಿಂ ಮಿರಾಂದ ಎಂದು ಪ್ರತೀತಿ. ಇಪ್ಪತ್ತೊಂದು ವರ್ಷ ಕಳೆಯುವಷ್ಟರಲ್ಲಿ ಹಬ್ಬ ಮಾಡುವ ಜನರೇ ಊರಲ್ಲಿ ಉಳಿದಿರಲಿಲ್ಲ.

ಕಾರಣ ತಿಳಿಯಲು ಇನ್ನೊಂದು ಶತಮಾನ ಹಿಂದೆ ಹೋಗಬೇಕು. ಗೋವಾದಿಂದ ವಲಸೆ ಬಂದ ಕ್ರೈಸ್ತರಿಗೆ ಕೆಳದಿ ಅರಸರು ನೆಲೆ ಕೊಟ್ಟರು. ರಾಣಿ ಚೆನ್ನಮ್ಮ 1678ರಲ್ಲಿ ಪೋರ್ಚುಗೀಸರೊಂದಿಗೆ ಮಾಡಿಕೊಂಡ ಒಪ್ಪಂದದಲ್ಲಿ ಮಿರ್ಜಾನ್, ಚಂದಾವರ, ಕಲ್ಯಾಣಪುರ ಮುಂತಾದ ಕಡೆ ಇಗರ್ಜಿ ಕಟ್ಟಲು ಅನುಮತಿ ಇತ್ತು. ಮಂಗಳೂರಿನ ಮಿಲಾಗ್ರಿಸ್ ಇಗರ್ಜಿ ಎದ್ದದ್ದು 1680ರಲ್ಲಿ. ಉದಾರ ಮನಸ್ಸಿನ ಕೆಲಸವೇ, ಅದರಲ್ಲಿ ಅನುಮಾನವಿಲ್ಲ. ಆದರೆ ಅನುಮತಿ ಸೇರಿಕೊಂಡಿದ್ದದ್ದು ಅಕ್ಕಿ, ಮೆಣಸಿನ ವ್ಯಾಪಾರ ನಡೆಸುತ್ತಿದ್ದ ಪರದೇಶಿಗಳ ಕರಾರಿನೊಳಗೆ. ಪ್ರಾರ್ಥಿಸುವವನು ಇಲ್ಲಿಯ ರೈತ, ಮಾತುಕತೆ ಮಾತ್ರ ಗೋವಾದೊಂದಿಗೆ. ಯುದ್ಧ ಬಂದಾಗ ಈ ರೈತ ಯಾರ ಕಡೆಯವನು ಎಂಬ ಪ್ರಶ್ನೆ ಏಳದೆ ಇರಲಿಲ್ಲ.

ಎದ್ದದ್ದು ಎರಡನೇ ಆಂಗ್ಲೋ–ಮೈಸೂರು ಯುದ್ಧದಲ್ಲಿ. ಕ್ರೈಸ್ತರು ಇಂಗ್ಲಿಷರಿಗೆ ನೆರವಾದರೆಂಬ ಶಂಕೆಯಲ್ಲಿ ಟಿಪ್ಪು ಸುಲ್ತಾನ್ 1784ರ ಫೆಬ್ರವರಿಯಲ್ಲಿ, ವಿಭೂತಿ ಬುಧವಾರದ (ಈಸ್ಟರ್‌ಗೆ ಮುಂಚಿನ ಉಪವಾಸ ಕಾಲ ಆರಂಭವಾಗುವ ದಿನ) ಹೊತ್ತಿಗೆ, ಅವರನ್ನು ಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಸೆರೆಯಾದವರ ಅಂದಾಜು 30 ಸಾವಿರದಿಂದ 80 ಸಾವಿರದವರೆಗೆ ತೂಗಾಡುತ್ತದೆ. ಯಾವ ಲೆಕ್ಕ ಹಿಡಿದರೂ ಸಮುದಾಯದ ಬಹುಪಾಲು ಹೋಗಿತ್ತು. ಇಗರ್ಜಿಗಳು ನೆಲಸಮವಾದವು. ಮೂಡುಬಿದಿರೆಯ ಹೊಸಬೆಟ್ಟು ಇಗರ್ಜಿ ಉಳಿದದ್ದು ಅಲ್ಲಿಯ ಜೈನ ಚೌಟ ಅರಸರ ದೆಸೆಯಿಂದ ಎನ್ನುತ್ತಾರೆ. ಕೃತಜ್ಞತೆಯ ಮಾತು ಬಂದಾಗ ನೆನೆಯಬೇಕಾದ ಹೆಸರುಗಳಲ್ಲಿ ಇದೂ ಒಂದು, ನೆನೆಯುವವರು ಕಡಿಮೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬದುಕುಳಿದವರು ಘಟ್ಟ ಇಳಿದು ಬಂದರು. ಮಿಲಾಗ್ರಿಸ್ 1811ರಲ್ಲಿ, ಮಂಗಳೂರಿನದೇ ರೊಸಾರಿಯೊ ಇಗರ್ಜಿ 1813ರಲ್ಲಿ ಮತ್ತೆ ಎದ್ದವು. ಆರಾಧನೆ ಬಹಿರಂಗವಾಯಿತು, ನಿಜ. ಆದರೂ ಅದು ಆಳುವವರ ಕೃಪೆಯಲ್ಲೇ ಇತ್ತು, ಅರಸ ಬದಲಾಗಿದ್ದನಷ್ಟೇ.

ಕೃಪೆಯ ಕಾಲ ಮುಗಿದದ್ದು ಸಂವಿಧಾನ ಸಭೆಯಲ್ಲಿ. ಮಂಗಳೂರಿನ ಜೆಸ್ವಿಟ್ ಪಾದ್ರಿ ಜೆರೋಮ್ ಡಿಸೋಜ ಅಲ್ಲಿ ಸದಸ್ಯರಾಗಿದ್ದರು. 1948ರ ಡಿಸೆಂಬರ್ ಚರ್ಚೆಯಲ್ಲಿ ತಜಮುಲ್ ಹುಸೇನ್ ಒಂದು ತಿದ್ದುಪಡಿ ತಂದರು: ಧರ್ಮವನ್ನು ಖಾಸಗಿಯಾಗಿ ಮಾತ್ರ ಆಚರಿಸಬೇಕು, ಉಡುಗೆ ನೋಡಿ ಧರ್ಮ ತಿಳಿಯುವಂತಿರಬಾರದು. ಅದು ಗೆದ್ದಿದ್ದರೆ ಶಿಲುಬೆಯ ಸರ, ಪಾದ್ರಿಯ ನಿಲುವಂಗಿ, ಬೀದಿಯ ಮೆರವಣಿಗೆ ಎಲ್ಲವೂ ಪ್ರಶ್ನೆಗೆ ಒಳಗಾಗುತ್ತಿದ್ದವು. ಸಭೆ ಒಪ್ಪಲಿಲ್ಲ. ಧರ್ಮ ‘ಪ್ರಚಾರ’ದ ಹಕ್ಕನ್ನು ಕೈಬಿಡಿ ಎಂದು ಲೋಕನಾಥ ಮಿಶ್ರ ವಾದಿಸಿದರು, ಕೆ.ಎಂ. ಮುನ್ಷಿ, ಟಿ.ಟಿ. ಕೃಷ್ಣಮಾಚಾರಿ ಅದನ್ನು ಉಳಿಸಿಕೊಳ್ಳಲು ನಿಂತರು. ಅಂದರೆ ಕ್ರೈಸ್ತರು ಹೆಚ್ಚು ಬಯಸಿದ್ದ ಹಕ್ಕಿಗೆ ಸದನದಲ್ಲಿ ದನಿ ಕೊಟ್ಟವರಲ್ಲಿ ಹಿಂದೂಗಳೂ ಇದ್ದರು. ಇನ್ನೊಂದು ಕಡೆ, ಕ್ರೈಸ್ತ ಮನೆತನದ ರಾಜಕುಮಾರಿ ಅಮೃತ್ ಕೌರ್ ಆಚರಣೆಗೆ ಪೂರ್ಣ ಸ್ವಾತಂತ್ರ್ಯ ಕೊಟ್ಟರೆ ಪರ್ದಾ, ದೇವದಾಸಿ ಪದ್ಧತಿಗಳಿಗೂ ರಕ್ಷೆ ಸಿಕ್ಕೀತು ಎಂದು ಎಚ್ಚರಿಸಿದ್ದರು. ಸಮಾಜ ಸುಧಾರಣೆಗೆ ಕಾನೂನು ಮಾಡುವ ಅಧಿಕಾರ ಸರ್ಕಾರಕ್ಕೆ ಉಳಿದದ್ದರ ಹಿಂದೆ ಆ ಕಳವಳವಿದೆ.

ಹಾಗೆ ರೂಪುಗೊಂಡ, ಧರ್ಮ ಸ್ವಾತಂತ್ರ್ಯ ಕೊಡುವ ಸಂವಿಧಾನದ 25ನೇ ವಿಧಿ ನಾಗರಿಕರಿಗಷ್ಟೇ ಅಲ್ಲ, ಎಲ್ಲ ವ್ಯಕ್ತಿಗಳಿಗೂ ಅನ್ವಯ. ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಮತ್ತು ಇತರ ಮೂಲಭೂತ ಹಕ್ಕುಗಳು ಅದರ ಎಲ್ಲೆ. ಪ್ರಚಾರವೆಂದರೆ ನಂಬಿಕೆಯನ್ನು ವಿವರಿಸುವ ಹಕ್ಕೇ ಹೊರತು ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದು 1977ರ ಸ್ಟೇನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 1986ರಲ್ಲಿ ಕೇರಳದ ಯೆಹೋವನ ಸಾಕ್ಷಿ ಪಂಗಡದ ಮೂವರು ಮಕ್ಕಳ ಪರ ತೀರ್ಪು ಬಂತು: ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತು, ನಂಬಿಕೆಯ ಕಾರಣಕ್ಕೆ ಹಾಡದವರನ್ನು ಶಾಲೆಯಿಂದ ಹೊರಹಾಕುವಂತಿಲ್ಲ.

ದಿನನಿತ್ಯದಲ್ಲಿ ಎಡವಟ್ಟಾಗುವುದು ಹೆಚ್ಚಾಗಿ ಮೈಕಿನಿಂದ. ಇಗರ್ಜಿಯ ಹಬ್ಬಕ್ಕೆ ಮೆರವಣಿಗೆಯ ಅನುಮತಿ ಸಿಕ್ಕಿತೆಂದರೆ ಧ್ವನಿವರ್ಧಕಕ್ಕೂ ಸಿಕ್ಕಿತು ಎಂದುಕೊಳ್ಳುವವರಿದ್ದಾರೆ. ಧ್ವನಿವರ್ಧಕಕ್ಕೆ ಪ್ರತ್ಯೇಕವಾಗಿ ಲಿಖಿತ ಅನುಮತಿ ಬೇಕು. 2000ದ ಶಬ್ದ ಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಮೈಕ್ ಕೂಡದು. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಹಬ್ಬಗಳಿಗಾಗಿ ರಾಜ್ಯ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ, ಮಧ್ಯರಾತ್ರಿ 12ರವರೆಗೆ ಮಾತ್ರ ಸಡಿಲಿಕೆ ಕೊಡಬಹುದು. ಅದೇ ವರ್ಷ ಮದ್ರಾಸಿನ ಚರ್ಚೊಂದರ ಪ್ರಕರಣದಲ್ಲಿ, ಅಕ್ಕಪಕ್ಕದವರ ನೆಮ್ಮದಿ ಕೆಡಿಸಿ ಪ್ರಾರ್ಥಿಸಬೇಕೆಂದು ಯಾವ ಧರ್ಮವೂ ಹೇಳುವುದಿಲ್ಲ ಎಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಆದ್ದರಿಂದ ಕ್ರಿಸ್ಮಸ್ ಹಿಂದಿನ ರಾತ್ರಿ ಮೈದಾನದಲ್ಲಿ ಬಲಿಪೂಜೆ (ಕಥೋಲಿಕರ ಮುಖ್ಯ ಆರಾಧನಾ ವಿಧಿ) ಇಟ್ಟುಕೊಳ್ಳುವವರು ಸಂಜೆ ಏಳಕ್ಕೇ ಆರಂಭಿಸುವುದು ಜಾಣತನ: ಕ್ಯಾರಲ್, ಪ್ರವಚನ, ಪರಮಪ್ರಸಾದ ಎಲ್ಲವೂ ಹತ್ತರೊಳಗೆ ಮುಗಿಯುತ್ತವೆ.