ನೈಟ್ರೋ ದೋಣಿಯ ಟ್ಯೂನಿಂಗ್ ನೀರಿನಲ್ಲೇ ಆಗಬೇಕು

ರೇಡಿಯೋ ನಿಯಂತ್ರಿತ ಮಾದರಿ ದೋಣಿಯ ನೈಟ್ರೋ ಎಂಜಿನ್ನನ್ನು ಸ್ಟ್ಯಾಂಡಿನ ಮೇಲೆಯೇ ಪೂರ್ತಿ ಟ್ಯೂನ್ ಮಾಡಿ ನೀರಿಗಿಳಿಸುವ ಅಭ್ಯಾಸ ಅನೇಕರಲ್ಲಿದೆ. ಸ್ಟ್ಯಾಂಡಿನ ಮೇಲಿರುವಾಗ ಪ್ರೊಪೆಲ್ಲರಿಗೆ ನೀರಿನ ಹೊರೆ ಇರುವುದಿಲ್ಲ, ಸಿಲಿಂಡರ್ ಹೆಡ್ಡಿಗೆ ತಂಪು ನೀರೂ ಹರಿಯುವುದಿಲ್ಲ. ಆದ್ದರಿಂದ ಅಲ್ಲಿ ಎಷ್ಟೇ ಚೊಕ್ಕವಾದ ಸದ್ದು ಕೇಳಿದರೂ ಅದನ್ನು ನಂಬುವಂತಿಲ್ಲ. ಹೊರೆಯಿಲ್ಲದೆ ಪೂರ್ತಿ ಥ್ರಾಟಲ್ ಕೊಟ್ಟರೆ ವೇಗ ಮಿತಿಮೀರಿ ಕನೆಕ್ಟಿಂಗ್ ರಾಡ್ ಮುರಿಯುವ ಅಪಾಯವೂ ಇದೆ. ಸ್ಟ್ಯಾಂಡಿನ ಮೇಲೆ ಎಂಜಿನ್ ಹೊತ್ತಿಸಿ, ಐಡಲಿನಲ್ಲಿ (ಥ್ರಾಟಲ್ ಇಳಿಸಿದಾಗಿನ ನಿಧಾನ ವೇಗದಲ್ಲಿ) ಅದು ಸ್ಥಿರವಾಗಿ ಓಡುತ್ತದೆಯೇ ಎಂದಷ್ಟೇ ನೋಡಿಕೊಂಡು ದೋಣಿಯನ್ನು ನೀರಿಗೆ ಬಿಡಬೇಕು.

ನೈಟ್ರೋ ಎಂಜಿನ್ನಿನ ಇಂಧನದಲ್ಲಿ ಮೆಥನಾಲ್, ನೈಟ್ರೋಮೀಥೇನ್ ಮತ್ತು ಎಣ್ಣೆ ಬೆರೆತಿರುತ್ತವೆ. ಒಂದು ಗ್ರಾಂ ಮೆಥನಾಲ್ ಪೂರ್ತಿ ಉರಿಯಲು ಸುಮಾರು 6.4 ಗ್ರಾಂ ಗಾಳಿ ಬೇಕು. ನೈಟ್ರೋಮೀಥೇನಿನ ಅಣುವಿನಲ್ಲೇ ಆಮ್ಲಜನಕವಿರುವುದರಿಂದ ಅದಕ್ಕೆ ಸುಮಾರು 1.7 ಗ್ರಾಂ ಸಾಕು. ಹಾಗಾಗಿ ನೈಟ್ರೋಮೀಥೇನ್ ಪ್ರಮಾಣವನ್ನು ಶೇ. 30ರಿಂದ ಶೇ. 50ಕ್ಕೆ ಏರಿಸಿದವರು ನೀಡಲನ್ನು, ಅಂದರೆ ಕಾರ್ಬ್ಯುರೇಟರಿನಲ್ಲಿ ಇಂಧನದ ಹರಿವನ್ನು ಹಿಡಿತದಲ್ಲಿಡುವ ತಿರುಪನ್ನು, ಇನ್ನಷ್ಟು ತೆರೆಯಲೇಬೇಕು. ಕಂಪ್ರೆಷನ್ ತಗ್ಗಿಸಲು ಹೆಡ್ಡಿನ ಕೆಳಗೆ ಇನ್ನೊಂದು ಶಿಮ್ (ತೆಳುವಾದ ಲೋಹದ ಬಿಲ್ಲೆ) ಕೂಡ ಬೇಕಾಗಬಹುದು. ಎಂಜಿನ್ನಿಗೆ ಬೇಕಾದ ಎಣ್ಣೆ ಇಂಧನದ ಜೊತೆಯಲ್ಲೇ ಬರುತ್ತದೆ. ಮಿಶ್ರಣ ಲೀನ್ ಆದರೆ, ಅಂದರೆ ಗಾಳಿಗೆ ಹೋಲಿಸಿದರೆ ಇಂಧನ ಕಡಿಮೆಯಾದರೆ, ಶಾಖ ಏರುತ್ತದೆ, ಅದೇ ಹೊತ್ತಿಗೆ ಎಣ್ಣೆಯೂ ಕಡಿಮೆಯಾಗುತ್ತದೆ. ಪಿಸ್ಟನ್ ಕೆಡುವುದು ಹೀಗೆ.

ಆರಂಭ ಯಾವಾಗಲೂ ರಿಚ್ (ಇಂಧನ ಹೆಚ್ಚಿರುವ) ಕಡೆಯಿಂದಲೇ ಆಗಬೇಕು. ಪೂರ್ಣ ವೇಗದ ಮಿಶ್ರಣಕ್ಕಿರುವ ಹೈ ಸ್ಪೀಡ್ ನೀಡಲನ್ನು ಸಾಕಷ್ಟು ತೆರೆದು ದೋಣಿ ಬಿಟ್ಟರೆ ದಟ್ಟ ಹೊಗೆ ಬರುತ್ತದೆ, ಸದ್ದು ಗೊಗ್ಗರಾಗಿರುತ್ತದೆ, ಟ್ಯೂನ್ಡ್ ಪೈಪಿನ (ಎಂಜಿನ್ನಿನ ಬಲ ಹೆಚ್ಚಿಸುವಂತೆ ರೂಪಿಸಿದ ಹೊಗೆ ಕೊಳವೆಯ) ಬಲ ಸಿಗುವುದಿಲ್ಲ. ಪ್ರತಿ ಸಲ ದೋಣಿಯನ್ನು ದಡಕ್ಕೆ ತಂದು ಸುತ್ತಿನ ಹದಿನಾರನೇ ಒಂದು ಭಾಗದಷ್ಟು ಮಾತ್ರ ಬಲಕ್ಕೆ ತಿರುಗಿಸಿ ಮತ್ತೆ ಓಡಿಸಬೇಕು. ನೇರ ಓಟದಲ್ಲಿ ದೋಣಿ ಮೇಲೆದ್ದು ಹೊರೆ ಇಳಿದಾಗ ಸದ್ದು ಒಮ್ಮೆಲೇ ಏರಿ, ಆ ಓಟದ ಕೊನೆಯವರೆಗೂ ಹಾಗೆಯೇ ನಿಂತರೆ ಹದ ಬಂದಿದೆ ಎಂದರ್ಥ. ಮೊದಲು ಚೆನ್ನಾಗಿ ಎಳೆದು ಕೊನೆಯಲ್ಲಿ ಸೊರಗಿದರೆ ಮಿಶ್ರಣ ಲೀನ್ ಆಗಿದೆ. ಕೂಡಲೇ ಥ್ರಾಟಲ್ ಇಳಿಸಿ ನೀಡಲ್ ತೆರೆಯಬೇಕು. ಐಡಲಿನ ಮಿಶ್ರಣಕ್ಕಿರುವ ಲೋ ಸ್ಪೀಡ್ ನೀಡಲಿನ ಸರದಿ ಇದಾದ ಮೇಲೆ. ಬಿಸಿಯಾದ ಎಂಜಿನ್ ಐಡಲಿನಲ್ಲಿರುವಾಗ ಇಂಧನದ ಕೊಳವೆಯನ್ನು ಕಾರ್ಬ್ಯುರೇಟರ್ ಹತ್ತಿರ ಹಿಸುಕಿದರೆ, ಎರಡು ಮೂರು ಸೆಕೆಂಡಿನಲ್ಲಿ ವೇಗ ಸ್ವಲ್ಪ ಏರಿ ಎಂಜಿನ್ ನಿಲ್ಲಬೇಕು. ಹಿಸುಕಿದೊಡನೆ ನಿಂತರೆ ಲೀನ್, ಬಹಳ ಹೊತ್ತು ಏರುತ್ತಲೇ ಹೋದರೆ ರಿಚ್.

ಕಿವಿಗಿಂತ ನಿಖರವಾದ ಸಾಕ್ಷಿ, ಇಂಧನವನ್ನು ಹೊತ್ತಿಸುವ ಗ್ಲೋ ಪ್ಲಗ್ ಎಂಬುದು ನನ್ನ ದೃಢ ಅಭಿಪ್ರಾಯ. ಪೂರ್ಣ ವೇಗದ ಓಟ ಮುಗಿದೊಡನೆ ಎಂಜಿನ್ ನಿಲ್ಲಿಸಿ, ಪ್ಲಗ್ ಬಿಚ್ಚಿ, ಅದರ ಪ್ಲಾಟಿನಂ ತಂತಿಯ ಸುರುಳಿಯನ್ನು ಭೂತಗನ್ನಡಿಯಲ್ಲಿ ನೋಡಿ. ತಂತಿ ಹೊಸದರಂತೆ ಹೊಳೆಯುತ್ತ ಒದ್ದೆಯಾಗಿದ್ದರೆ ಮಿಶ್ರಣ ಇನ್ನೂ ರಿಚ್ ಆಗಿದೆ. ಹೊಳಪು ಕುಂದಿ ಬೂದು ಬಣ್ಣ ಬರತೊಡಗಿದರೆ ಶಕ್ತಿಯ ಅಂಚಿಗೆ ಬಂದಿದ್ದೀರಿ. ಸುರುಳಿ ತಿರುಚಿಕೊಂಡಿದ್ದರೆ ಅಥವಾ ತುಂಡಾಗಿದ್ದರೆ ಲೀನ್ ಮಿಶ್ರಣವೋ ಅತಿಯಾದ ಕಂಪ್ರೆಷನ್ನೋ ಕಾರಣ. ಬೂದು ಬಣ್ಣ ಕಂಡಲ್ಲಿಗೆ ನಿಲ್ಲುವುದು ಸಾಲದು, ಅಲ್ಲಿಂದ ತುಸು ರಿಚ್ ಕಡೆಗೆ ಹಿಂದಕ್ಕೆ ಬರಬೇಕು; ಟ್ಯಾಂಕಿನಲ್ಲಿ ಇಂಧನ ತಳಕ್ಕಿಳಿದಂತೆ ಮಿಶ್ರಣ ತಾನಾಗಿಯೇ ಲೀನ್ ಆಗುತ್ತ ಹೋಗುತ್ತದೆ.

ಹವೆಯೂ ಲೆಕ್ಕಕ್ಕೆ ಬರುತ್ತದೆ. ಸಮುದ್ರಮಟ್ಟದ ಮಂಗಳೂರಿನಲ್ಲಿ ಹದಗೊಳಿಸಿದ ಎಂಜಿನ್, ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನ ತೆಳುಗಾಳಿಯಲ್ಲಿ ರಿಚ್ ಆಗಿ ಓಡುತ್ತದೆ. ದೋಣಿಯನ್ನು ಬೆಂಗಳೂರಿನಿಂದ ಕರಾವಳಿಗೆ ಒಯ್ಯುವವರಿಗೆ ಪರಿಣಾಮ ತಿರುವುಮುರುವು, ಅಪಾಯಕಾರಿಯೂ ಹೌದು. ಅಲ್ಲಿ ಮೊದಲ ಓಟಕ್ಕೆ ಮುನ್ನವೇ ನೀಡಲನ್ನು ತೆರೆಯಬೇಕು.

ತಂಪು ನೀರು ಹೊರಬೀಳುವ ಧಾರೆಯನ್ನು ಪ್ರತಿ ಸುತ್ತಿನಲ್ಲೂ ಕಣ್ಣಿಟ್ಟು ನೋಡಬೇಕು, ಏಕೆಂದರೆ ಒಂದು ಎಳೆ ಪಾಚಿ ಒಳಹರಿವಿಗೆ ಸಿಕ್ಕಿಕೊಂಡರೂ ಧಾರೆ ನಿಲ್ಲುತ್ತದೆ. ಓಟ ಮುಗಿದ ಮೇಲೆ ಉಳಿದ ಇಂಧನವನ್ನು ಉರಿಸಿ ಖಾಲಿ ಮಾಡಿ, ಕಾರ್ಬ್ಯುರೇಟರ್ ಮೂಲಕ ಆಫ್ಟರ್ ರನ್ ಎಣ್ಣೆ ಬಿಟ್ಟು ಎಂಜಿನ್ನನ್ನು ಕೆಲವು ಸುತ್ತು ತಿರುಗಿಸಬೇಕು. ಮೆಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ, ಒಳಗೆ ಇಂಧನ ಉಳಿದರೆ ಬೇರಿಂಗ್ ತುಕ್ಕು ಹಿಡಿಯುತ್ತದೆ.