ಹಲ್ಫೇತಿ: ಮುಳುಗಿದ ಮೇಲೆ ಹೆಸರಾದ ಊರು

ಹಸಿರು ನೀರಿನ ನಡುವೆ ಒಂಟಿಯಾಗಿ ನಿಂತ ಒಂದು ಮಿನಾರು. ಈ ಫೋಟೋ ನೀವೂ ನೋಡಿರ್ತೀರಿ. ಕೆಳಗೆ 'ಹಲ್ಫೇತಿ, ಟರ್ಕಿ' ಅಂತ ಬರೆದಿರುತ್ತದೆ. ಅದು ಪೂರ್ತಿ ಸರಿಯಲ್ಲ. ಆ ಮಿನಾರು ಇರುವುದು ಪಕ್ಕದ ಸವಾಶಾನ್ ಹಳ್ಳಿಯಲ್ಲಿ. ಹಲ್ಫೇತಿಯಿಂದ ಅಲ್ಲಿಗೆ ದೋಣಿಯಲ್ಲಿ ಹೋಗಬೇಕು. ನಾನೂ ಮೊದಲು ತಪ್ಪಾಗಿಯೇ ಬರೆದುಕೊಂಡಿದ್ದೆ, ಅದಕ್ಕೇ ಇಲ್ಲಿಂದ ಶುರು ಮಾಡಿದೆ.

ಹಲ್ಫೇತಿ ಇರುವುದು ಟರ್ಕಿಯ ಆಗ್ನೇಯ ಭಾಗದ ಷಾನ್ಲಿಉರ್ಫಾ ಪ್ರಾಂತ್ಯದಲ್ಲಿ, ಯೂಫ್ರೆಟಿಸ್ ನದಿಯ ದಂಡೆಯಲ್ಲಿ. ನದಿಯ ಕೆಳಭಾಗದಲ್ಲಿ ಬಿರೇಜಿಕ್ ಅಣೆಕಟ್ಟು ಕಟ್ಟಿದರು. 2000ದಲ್ಲಿ ನೀರು ನಿಲ್ಲಿಸಿದಾಗ ಹಿನ್ನೀರು ಮೇಲಕ್ಕೇರಿ ಊರಿನ ತಗ್ಗಿನ ಭಾಗ ಮುಳುಗಿತು. ಮನೆ, ತೋಟ ಕಳೆದುಕೊಂಡವರಿಗೆ ನದಿಯಿಂದ ದೂರ, ಎತ್ತರದಲ್ಲಿ ಹೊಸ ಹಲ್ಫೇತಿ ಎದ್ದಿತು. ಕಚೇರಿಗಳೂ ಅಲ್ಲಿಗೇ ಹೋದವು. ಹಳೇ ಊರಿನಲ್ಲಿ ಉಳಿದದ್ದು ಇಳಿಜಾರಿನ ಕಲ್ಲಿನ ಮನೆಗಳು ಮತ್ತು ಬುಡ ನೀರಲ್ಲಿರುವ ದೊಡ್ಡ ಮಸೀದಿ.

ಈ ಕತೆ ನಮಗೆ ಹೊಸದಲ್ಲ, ಅಲ್ವಾ? ಆಲಮಟ್ಟಿ ಹಿನ್ನೀರು, ಬಾಗಲಕೋಟೆಯ ಮುಳುಗಡೆ, ನವನಗರ. ಎರಡೂ ಕಡೆ ಆದದ್ದು ಒಂದೇ. ಆದರೆ ಹಲ್ಫೇತಿಗೆ ಜನ ನೋಡಲು ಬರುತ್ತಾರೆ, ಯಾಕೆ? ನನ್ನ ಪ್ರಕಾರ ಮುಖ್ಯ ಕಾರಣ ನೆಲದ ಆಕಾರ. ಬಯಲಲ್ಲಿ ಹಿನ್ನೀರು ಅಗಲಕ್ಕೆ ಹರಡುತ್ತದೆ, ಬೇಸಿಗೆಯಲ್ಲಿ ಸರಿದಾಗ ಕೆಸರು ಬಿಟ್ಟು ಹೋಗುತ್ತದೆ. ಹಲ್ಫೇತಿಯಲ್ಲಿ ನದಿಯ ಎರಡೂ ಕಡೆ ಕಡಿದಾದ ಬಂಡೆ. ನೀರಿಗೆ ಹರಡಲು ಜಾಗವಿಲ್ಲ, ಮೇಲಕ್ಕೇ ಏರಬೇಕು. ಹಾಗಾಗಿ ಕಣಿವೆಯೇ ಒಂದು ಉದ್ದನೆಯ ಕೆರೆಯಾಯಿತು. ದೋಣಿ ಓಡಿಸಲು ಇದಕ್ಕಿಂತ ಏನು ಬೇಕು!

ದೋಣಿಯವರು ಸವಾಶಾನ್ ಜೊತೆಗೆ ತಪ್ಪದೆ ತೋರಿಸುವುದು ರೂಮ್‌ಕಲೆ ಕೋಟೆ. ಮೆರ್ಜಿಮೆನ್ ಹೊಳೆ ಯೂಫ್ರೆಟಿಸ್‌ಗೆ ಸೇರುವ ಕಡೆ, ಬಂಡೆಯ ಮೂತಿಯ ಮೇಲೆ ಕೂತಿದೆ. ಇತಿಹಾಸದವರು ಇಲ್ಲಿ ಸ್ವಲ್ಪ ನಿಲ್ಲಿ. 12ನೇ ಶತಮಾನದ ನಡುವಿನಿಂದ 1292ರವರೆಗೆ ಅರ್ಮೇನಿಯನ್ ಚರ್ಚಿನ ಮುಖ್ಯ ಗುರುಗಳ ಪೀಠ ಇದೇ ಕೋಟೆಯಲ್ಲಿತ್ತು. 13ನೇ ಶತಮಾನದಲ್ಲಿ ತೋರೋಸ್ ರೋಸ್ಲಿನ್ ಎಂಬ ಕಲಾವಿದ ಇಲ್ಲೇ ಕೂತು ಹಸ್ತಪ್ರತಿಗಳಿಗೆ ಚಿತ್ರ ಬರೆದ. 1292ರಲ್ಲಿ ಈಜಿಪ್ಟಿನ ಮಾಮ್ಲೂಕರು ಕೋಟೆ ಗೆದ್ದರು, ಅಲ್ಲಿಗೆ ಆ ಅಧ್ಯಾಯ ಮುಗಿಯಿತು.

ಅದೇ ಅಣೆಕಟ್ಟು ಇನ್ನೊಂದು ಹಳೇ ಊರಿನ ಭಾಗವನ್ನೂ ನುಂಗಿತು: ಝ್ಯೂಗ್ಮಾ. ಅದನ್ನು ಕ್ರಿ.ಪೂ. 300ರ ಸುಮಾರಿಗೆ ಕಟ್ಟಿಸಿದವನು ಸೆಲ್ಯೂಕಸ್ ನಿಕೇಟರ್. ಹೌದು, ಚಂದ್ರಗುಪ್ತ ಮೌರ್ಯನ ಜೊತೆ ಒಪ್ಪಂದ ಮಾಡಿಕೊಂಡು 500 ಆನೆ ಪಡೆದ ಅದೇ ಸೆಲ್ಯೂಕಸ್. ಹೀಗೆ ಜೋಡಿಸಿಕೊಂಡರೆ ಮರೆಯೋದಿಲ್ಲ. ನೀರು ಏರುವ ಮುಂಚೆ ಅವಸರದಲ್ಲಿ ಅಗೆದು ರೋಮನ್ ಕಾಲದ ಎಷ್ಟೋ ಮೊಸಾಯಿಕ್‌ಗಳನ್ನು ಎತ್ತಿ ತಂದರು. ಅವು ಈಗ 2011ರಲ್ಲಿ ತೆರೆದ ಗಾಜಿಯಾಂತೆಪ್‌ನ ಮ್ಯೂಸಿಯಂನಲ್ಲಿವೆ. 'ಜಿಪ್ಸಿ ಹುಡುಗಿ' ಅಂತ ಕರೆಯುವ ಮುಖವಂತೂ ಮರೆಯುವಂಥದ್ದಲ್ಲ. ಉಳಿದಿರುವುದು ಕೆದರಿದ ಕೂದಲು, ಕಿವಿಯೋಲೆ, ಓರೆನೋಟದ ಎರಡು ದೊಡ್ಡ ಕಣ್ಣು. ಬಾಯಿ, ಗದ್ದ ಇಲ್ಲ. ಸಣ್ಣ ಸಣ್ಣ ಕಲ್ಲುಚೂರು ಜೋಡಿಸಿ ಅಂಥ ನೋಟ ತಂದಿದ್ದಾರೆ.

ಪ್ರವಾಸೋದ್ಯಮ ಓದುವವರು 2013 ಗುರುತಿಟ್ಟುಕೊಳ್ಳಿ. ಆ ವರ್ಷ ಹಲ್ಫೇತಿ, ಇಟಲಿಯಲ್ಲಿ ಹುಟ್ಟಿದ ಚಿತ್ತಾಸ್ಲೋ ಕೂಟಕ್ಕೆ ಸೇರಿತು. ಆತುರವಿಲ್ಲದೆ ಬದುಕುವ ಸಣ್ಣ ಊರುಗಳ ಕೂಟ ಅದು, ಗುರುತು ಬಸವನಹುಳು. ಊರಿನ ಇನ್ನೊಂದು ಆಕರ್ಷಣೆ ಕರೀ ಗುಲಾಬಿ. ಮೊಗ್ಗು ಕಪ್ಪಗೇ ಕಾಣುತ್ತದೆ, ಅರಳಿದಾಗ ಗಾಢ ಕೆಂಪು ಅಂತ ಗೊತ್ತಾಗುತ್ತದೆ. ಇಂಟರ್ನೆಟ್‌ನಲ್ಲಿ ಇದ್ದಿಲಿನ ಹಾಗೆ ಕಪ್ಪಗಿರುವ 'ಹಲ್ಫೇತಿ ಗುಲಾಬಿ' ಕಂಡರೆ ಸುಮ್ನೆ ಮುಂದೆ ಹೋಗಿ. ಅದು ಫೋಟೋದಲ್ಲಿ ಬಣ್ಣ ತಿದ್ದಿದ್ದು.