ಮೃದಂಗದ ಕರಣೆಯಲ್ಲಿ ಎಷ್ಟು ಭೌತಶಾಸ್ತ್ರ ಇದೆ?

ಕಲೆ ಮತ್ತು ವಿಜ್ಞಾನದ ನಡುವೆ ಸೇತುವೆ ಕಟ್ಟಬೇಕು ಅಂತ ಯಾರಾದರೂ ಮಾತು ಶುರು ಮಾಡಿದರೆ ನನಗೆ ನೆನಪಾಗುವುದು ಮೃದಂಗದ ಬಲಗಡೆ ಇರುವ ಆ ಕಪ್ಪು ವೃತ್ತ, ಅಂದರೆ ಕರಣೆ. ನಾನು ಸೌಂಡ್ ಎಂಜಿನಿಯರ್. ಓದಿದ್ದು ಭೌತಶಾಸ್ತ್ರ, ಅನ್ನ ಹಾಕುತ್ತಿರುವುದು ಕರ್ನಾಟಕ ಸಂಗೀತದ ರೆಕಾರ್ಡಿಂಗ್. ಸ್ಟುಡಿಯೋಗೆ ಕೆಲಸ ಕಲಿಯಲು ಬರುವ ಹುಡುಗರು ಮೃದಂಗಕ್ಕೆ ಮೈಕ್ ಇಟ್ಟು, ಡ್ರಮ್ ಸೆಟ್‌ಗೆ ಮಾಡುವ ಹಾಗೆಯೇ ಬೇಸ್ ಏರಿಸಿ, ನಡುವಿನ ಆವರ್ತನಗಳನ್ನು (ಮಿಡ್) ತಗ್ಗಿಸಿಬಿಡುತ್ತಾರೆ. ಎಡಗಡೆ ಗುಂ ಅಂತ ಚೆನ್ನಾಗಿ ಕೇಳುತ್ತದೆ, ಬಲಗಡೆಯ ಶ್ರುತಿ ಮಾತ್ರ ಮಾಯ. ಯಾಕೆ ಹೀಗೆ ಅಂತ ಹೇಳಲು ಹೊರಟರೆ ಮಾತು ಸರ್ ಸಿ.ವಿ. ರಾಮನ್ ತನಕ ಹೋಗುತ್ತದೆ.

ತಂತಿಯ ಕಥೆ ಸುಲಭ. ಮೀಟಿದರೆ ಮೂಲ ಕಂಪನದ ಜೊತೆಗೆ ಅದರ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು ಹೀಗೆ ಸಾಲಾಗಿ ಹಾರ್ಮೋನಿಕ್‌ಗಳು ಬರುತ್ತವೆ. ಕಿವಿ ಅವನ್ನೆಲ್ಲ ಸೇರಿಸಿ ಒಂದೇ ಸ್ವರ ಅಂತ ಕೇಳಿಸಿಕೊಳ್ಳುತ್ತದೆ. ಬಿಗಿದು ಕಟ್ಟಿದ ದುಂಡು ಚರ್ಮದ ಲೆಕ್ಕವೇ ಬೇರೆ. ಅಲ್ಲಿ ಬರುವುದು 1, 1.59, 2.14, 2.30, 2.65 ಹೀಗೆ, ಒಂದಕ್ಕೊಂದು ಹೊಂದದ ಸಂಖ್ಯೆಗಳು. ಹಾಗಾಗಿ ಸಾಮಾನ್ಯ ಡೋಲು ಹೊಡೆದರೆ ಸದ್ದು ಬರುತ್ತದೆ, ನೆಲೆ ನಿಂತ ಸ್ವರ ಸಿಗುವುದಿಲ್ಲ. ಪಾಶ್ಚಾತ್ಯ ಆರ್ಕೆಸ್ಟ್ರಾದ ಟಿಂಪನಿ ಅನ್ನುವ ಡೋಲು ಇದನ್ನು ಬಹುಮಟ್ಟಿಗೆ ಗಾಳಿಯ ನೆರವಿನಿಂದ ಬಗೆಹರಿಸಿಕೊಂಡಿದೆ: ಚರ್ಮದ ಜೊತೆಗೆ ಅಲುಗುವ ಗಾಳಿಯ ಭಾರ ಅದರ ಮುಖ್ಯ ಕಂಪನಗಳನ್ನು 2:3:4ರ ಹತ್ತಿರಕ್ಕೆ ತರುತ್ತದೆ. ನಮ್ಮವರು ಮಾಡಿದ್ದು ಚರ್ಮದ ಮೇಲೇ ಭಾರ ಹಚ್ಚುವ ಕೆಲಸ.

ರಾಮನ್ 1920ರಲ್ಲಿ, ಕೋಲ್ಕತ್ತದಲ್ಲಿದ್ದಾಗ, ಸಹೋದ್ಯೋಗಿ ಎಸ್. ಕುಮಾರ್ ಜೊತೆ ‘ನೇಚರ್’ ಪತ್ರಿಕೆಯಲ್ಲಿ ಈ ಬಗ್ಗೆ ಒಂದು ಸಣ್ಣ ಬರಹ ಪ್ರಕಟಿಸಿದರು. ಬೆಂಗಳೂರಿಗೆ ಬಂದ ಮೇಲೆ, ಅಂದರೆ ನೊಬೆಲ್ ಎಲ್ಲ ಮುಗಿದ ಮೇಲೆ, 1934ರಲ್ಲಿ ಮತ್ತೆ ಅದೇ ವಿಷಯಕ್ಕೆ ಕೈ ಹಾಕಿ ವಿವರವಾಗಿ ಬರೆದರು. ಅವರ ವಿಧಾನ ಎಷ್ಟು ಸರಳ ನೋಡಿ: ಚರ್ಮದ ಮೇಲೆ ಸಣ್ಣ ಮರಳು ಉದುರಿಸಿ ಹೊಡೆಯುವುದು. ಅಲುಗದೆ ಉಳಿಯುವ ಗೆರೆಗಳ ಮೇಲೆ ಮರಳು ಹೋಗಿ ನಿಲ್ಲುತ್ತದೆ, ಯಾವ ಹೊಡೆತಕ್ಕೆ ಚರ್ಮ ಹೇಗೆ ಕುಣಿಯಿತು ಅಂತ ಕಣ್ಣಿಗೇ ಕಾಣುತ್ತದೆ. ಒಂಬತ್ತು ಬಗೆಯ ಕಂಪನಗಳು ಸೇರಿ ಐದು ಹಾರ್ಮೋನಿಕ್‌ಗಳಾಗಿ ಗುಂಪುಗೂಡುತ್ತವೆ ಅಂತ ಅವರು ತೋರಿಸಿದರು. ತಂತಿಗೆ ಸಹಜವಾಗಿ ಬರುವ 1, 2, 3, 4, 5 ಇಲ್ಲಿ ಕರಣೆಯಿಂದ ಬಂತು.

ಹೇಗೆ? ಚರ್ಮದ ಮೂಲ ಕಂಪನದಲ್ಲಿ ಜಾಸ್ತಿ ಅಲುಗುವುದು ನಡುಭಾಗ. ಅಲ್ಲಿ ಭಾರ ಹಚ್ಚಿದರೆ ಆ ಕಂಪನವೇ ಎಲ್ಲಕ್ಕಿಂತ ಹೆಚ್ಚು ನಿಧಾನವಾಗುತ್ತದೆ. ಎರಡನೆಯ ಕಂಪನದಲ್ಲಿ ನಟ್ಟನಡುವೆ ಅಲುಗಾಟವೇ ಇಲ್ಲ, ಹಾಗಾಗಿ ಅದಕ್ಕೆ ಪೆಟ್ಟು ಕಡಿಮೆ. ಕೆಳಗಿನದು ಇನ್ನೂ ಕೆಳಗಿಳಿದಾಗ 1.59 ಇದ್ದ ಅನುಪಾತ ಹಿಗ್ಗಿ 2ಕ್ಕೆ ಬರುತ್ತದೆ. ಕರಣೆಯ ಅಗಲ ಎಷ್ಟು, ನಡುವೆ ಎಷ್ಟು ದಪ್ಪ, ಅಂಚಿನ ಕಡೆಗೆ ಹೇಗೆ ತೆಳುವಾಗಬೇಕು ಇದೆಲ್ಲ ಸರಿ ಕೂತರೆ ಉಳಿದವೂ ಸಾಲಿಗೆ ಬರುತ್ತವೆ.

ಇಷ್ಟು ಹೇಳಿದರೆ ಸಭೆಯಲ್ಲಿ ಎರಡು ಥರದ ಚಪ್ಪಾಳೆ ಬೀಳುತ್ತದೆ. ಒಂದು ಕಡೆಯವರು ‘ನೋಡಿ, ನಮ್ಮ ಹಿರಿಯರಿಗೆ ಎಲ್ಲಾ ಗೊತ್ತಿತ್ತು’ ಅನ್ನುತ್ತಾರೆ. ಇನ್ನೊಂದು ಕಡೆಯವರು ‘ಮಾಡುವವರಿಗೆ ಗೊತ್ತಿಲ್ಲದೇ ಮಾಡಿದ್ದರು, ನಾವು ಕಂಡುಹಿಡಿದೆವು’ ಅನ್ನುತ್ತಾರೆ. ಎರಡೂ ಸೋಮಾರಿ ಮಾತು ಅಂತ ನನಗನ್ನಿಸುತ್ತದೆ. ಭರತನ ನಾಟ್ಯಶಾಸ್ತ್ರದಲ್ಲಿ ಹೊಳೆದಂಡೆಯ ಕಪ್ಪು ಮಣ್ಣನ್ನು ಮೃದಂಗಕ್ಕೆ ಹಚ್ಚುವ ಮಾತಿದೆ. ಆ ಮಣ್ಣಿನಿಂದ ಇವತ್ತಿನ ಕರಣೆಗೆ ಬರುವ ತನಕ ಎಷ್ಟು ತಲೆಮಾರು ಹಚ್ಚಿ, ಕೇಳಿ, ಕೆರೆದು, ಮತ್ತೆ ಹಚ್ಚಿದ್ದಾರೋ. ಅದು ಕನಸಿನಲ್ಲಿ ಹೊಳೆದದ್ದೂ ಅಲ್ಲ, ಕುರುಡು ಅದೃಷ್ಟವೂ ಅಲ್ಲ.

ಕರಣೆ ಹಾಕುವವರ ಪಕ್ಕ ಒಮ್ಮೆ ಕೂತು ನೋಡಬೇಕು. ಬೆಂದು ಮೆತ್ತಗಾದ ಅನ್ನ, ಕಬ್ಬಿಣದ ಅಂಶ ಇರುವ ಕಿಟ್ಟದ ಪುಡಿ, ಎರಡನ್ನೂ ಕಲಸಿ ನಾದುತ್ತಾರೆ. ಹೆಬ್ಬೆರಳಿನಿಂದ ಒಂದು ಚೂರು ಒತ್ತಿ, ಸುತ್ತ ಎಳೆದು, ಹೆಚ್ಚಾದದ್ದನ್ನು ಕೆರೆದು, ಒಣಗುವ ಹೊತ್ತಿಗೆ ನಯವಾದ ಕಲ್ಲಿನಿಂದ ಉಜ್ಜುತ್ತಾರೆ. ಮತ್ತೆ ಇನ್ನೊಂದು ಪದರ. ಮಧ್ಯೆ ಮಧ್ಯೆ ಬೆರಳಲ್ಲಿ ತಟ್ಟಿ ಕೇಳುತ್ತಾರೆ, ಮುಖ ಸಿಂಡರಿಸುತ್ತಾರೆ, ಮುಂದುವರಿಸುತ್ತಾರೆ. ಉಜ್ಜುವಾಗ ಕರಣೆಯ ತುಂಬ ಕೂದಲೆಳೆಯಂಥ ಬಿರುಕು ಬೀಳುತ್ತದೆ. ನೋಡಿದವರು ಹಾಳಾಯಿತು ಅಂದುಕೊಳ್ಳುತ್ತಾರೆ. ನಿಜಕ್ಕೂ ಆ ಬಿರುಕು ಬೇಕೇ ಬೇಕು. ಬಿರುಕಿಲ್ಲದೆ ಗಟ್ಟಿಯಾಗಿ ಕೂತರೆ ಅದು ಬಿಲ್ಲೆಯ ಹಾಗೆ ಸೆಟೆದು ಚರ್ಮವನ್ನು ಬಾಗಲು ಬಿಡುವುದಿಲ್ಲ. ಬಿರುಕು ಇದ್ದರೆ ಭಾರ ಉಳಿಯುತ್ತದೆ, ಬಿಗಿತ ಬರುವುದಿಲ್ಲ. ಅಮೆರಿಕದ ಭೌತವಿಜ್ಞಾನಿ ಥಾಮಸ್ ರಾಸಿಂಗ್ 1980ರ ದಶಕದಲ್ಲಿ ಮಾಡಿದ ಕೆಲಸ ನನಗೆ ಇಷ್ಟವಾಗುವುದು ಇದಕ್ಕೇ: ಅವರು ಮತ್ತು ಸಂಗಡಿಗರು ಮುಗಿದ ಮೃದಂಗ ಒಂದನ್ನೇ ಅಳೆದು ಸುಮ್ಮನಾಗಲಿಲ್ಲ, ಪದರ ಪದರ ಹಚ್ಚುತ್ತಾ ಹೋದ ಹಾಗೆ ಕಂಪನಗಳು ಹೇಗೆ ಜಾಗ ಬದಲಿಸುತ್ತವೆ ಅಂತ ಅಳೆದರು. ಅಂದರೆ ತಯಾರಕರು ಬೆರಳು ತಟ್ಟಿ ಕೇಳುವ ಅದೇ ಹಂತಗಳಲ್ಲಿ ಇವರು ಉಪಕರಣ ಇಟ್ಟರು.

ನಿಜವಾದ ಬಿರುಕು ಇರುವುದು ಬೇರೆ ಕಡೆ. ಕಛೇರಿಯ ಆಮಂತ್ರಣ ಪತ್ರಿಕೆಯಲ್ಲಿ ಮೃದಂಗ ಮಾಡಿದವರ ಹೆಸರು ಇರುವುದಿಲ್ಲ. ಸಂಶೋಧನಾ ಲೇಖನಗಳಲ್ಲೂ ಸಾಮಾನ್ಯವಾಗಿ ಇರುವುದಿಲ್ಲ. ಚರ್ಮ ಹದ ಮಾಡುವ, ಮುಚ್ಚಿಗೆ (ಮೃದಂಗದ ಬಾಯಿಗೆ ಹಾಕುವ ಚರ್ಮದ ಹೊದಿಕೆ) ಕಟ್ಟುವ ಕೆಲಸ ಬಹುಪಾಲು ಯಾವ ಜಾತಿಗಳ ಕೈಯಲ್ಲಿದೆ ಅಂತ ನಮಗೆಲ್ಲ ಗೊತ್ತು, ಯಾಕೆ ಹೆಸರು ಬರಲಿಲ್ಲ ಅನ್ನುವುದೂ ಗೊತ್ತು. ಕಲಾವಿದರು ಒಂದು ಸಾಲು, ವಿಜ್ಞಾನಿಗಳು ಒಂದು ಸಾಲು ಕೂತು ಚರ್ಚೆ ಮಾಡುವ ಸಭೆಗೆ, ಎರಡನ್ನೂ ಕೈಯಲ್ಲಿ ಹಿಡಿದಿರುವ ಮನುಷ್ಯನನ್ನು ಕರೆಯುವುದೇ ಇಲ್ಲ ಅಲ್ವಾ? ಕರೆದರೆ ಅವರು ತರುವ ಪ್ರಶ್ನೆಗಳು ತುಂಬಾ ಚೆನ್ನಾಗಿರುತ್ತವೆ. ಒಂದೇ ಹದದ ಎರಡು ಚರ್ಮದಲ್ಲಿ ಒಂದು ಯಾಕೆ ಬೇಗ ಸತ್ತುಹೋಗುತ್ತದೆ? ಕರಣೆ ಯಾಕೆ ಒಂದೇ ಮಗ್ಗುಲಲ್ಲಿ ಉದುರುತ್ತದೆ? ಇದಕ್ಕೆ ಒಳ್ಳೆಯ ಮೆಟೀರಿಯಲ್ ಸೈನ್ಸ್ ಬೇಕು, ಭಾಷಣ ಸಾಲದು.

ಬೆಂಗಳೂರಿನ ಕೆ. ವರದರಂಗನ್ ಮಾಡಿದ ಕೆಲಸ ಇಲ್ಲಿ ಹೇಳಲೇಬೇಕು. ಅವರು ಎಂಜಿನಿಯರೂ ಹೌದು, ಮೃದಂಗ ವಾದಕರೂ ಹೌದು. ಚರ್ಮದ ಬದಲು ಸಿಂಥೆಟಿಕ್ ಹಾಳೆ, ಹಲಸಿನ ಮರದ ಬದಲು ಫೈಬರ್‌ಗ್ಲಾಸ್ ಹಾಕಿ ಮೃದಂಗ ಮಾಡಿದರು. ನಾದ ಒಪ್ಪುವವರೂ ಇದ್ದಾರೆ, ಒಪ್ಪದವರೂ ಇದ್ದಾರೆ. ನನಗೆ ಕೇಳಿದರೆ, ಮಳೆಗಾಲದ ಬಯಲು ಕಛೇರಿಗೆ ಹೋಗುವವರು ಒಮ್ಮೆ ನುಡಿಸಿ ನೋಡಲಿ. ಗಮನಿಸಬೇಕಾದದ್ದು ಏನೆಂದರೆ, ನುಡಿಸುವ ಕೈ ಮತ್ತು ಲೆಕ್ಕ ಮಾಡುವ ತಲೆ ಒಂದೇ ಮನುಷ್ಯನದ್ದಾದಾಗ ಯಾವ ಸೇತುವೆಯ ಚಿಂತೆಯೂ ಬರಲಿಲ್ಲ.

ಮತ್ತೆ ಸ್ಟುಡಿಯೋಗೆ ಬರೋಣ. ಬಲಗಡೆಯ ‘ನಂ’ ಅನ್ನುವ ಹೊಡೆತ ನುಡಿಸುವಾಗ ಉಂಗುರದ ಬೆರಳು ಚರ್ಮದ ಮೇಲೆ ಹಗುರವಾಗಿ ಕೂತಿರುತ್ತದೆ, ತೋರುಬೆರಳು ಅಂಚಿಗೆ ಹೊಡೆಯುತ್ತದೆ. ಕೂತ ಬೆರಳು ಮೂಲ ಕಂಪನವನ್ನು ಅದುಮುತ್ತದೆ. ಅಂದರೆ ನಾವು ಶ್ರುತಿ ಅಂತ ಕೇಳುವ ಸ್ವರ ಮೂಲ ಕಂಪನದ್ದಲ್ಲ, ಅದಕ್ಕಿಂತ ಮೇಲಿನದು. ಹುಡುಗರು ತಗ್ಗಿಸಿದ ನಡುವಿನ ಆವರ್ತನಗಳಲ್ಲೇ ಅದು, ಅದರ ಮೇಲಿನ ಹಾರ್ಮೋನಿಕ್‌ಗಳು ಎಲ್ಲ ಇರುತ್ತವೆ.

ಇನ್ನೊಂದು ವಿಷಯ. ವಾದಕರು ಕಲ್ಲು ಮತ್ತು ಮರದ ಗೂಟ ಹಿಡಿದು ಸುತ್ತಲೂ ತಟ್ಟಿ ತಟ್ಟಿ ಶ್ರುತಿ ಮಾಡುವುದನ್ನು ಕಂಡು ಗಡಿಯಾರ ನೋಡುವವರಿದ್ದಾರೆ. ಸುತ್ತ ಎಲ್ಲ ಕಡೆ ಬಿಗಿ ಒಂದೇ ಇಲ್ಲದಿದ್ದರೆ ಎರಡನೆಯ ಹಾರ್ಮೋನಿಕ್ ಸೀಳಿ ಎರಡಾಗುತ್ತದೆ, ಅವೆರಡೂ ಸೇರಿ ಸ್ವರ ಅಲೆ ಅಲೆಯಾಗಿ ನಡುಗುತ್ತದೆ. ಆ ನಡುಕ ನಿಲ್ಲುವ ತನಕ ಅವರು ತಟ್ಟುತ್ತಾರೆ. ನಮ್ಮಲ್ಲಿ ಎಸಿ ಹಾಕಿದ ಮೇಲೆ ಚರ್ಮ ಒಣಗಿ ಶ್ರುತಿ ಏರುತ್ತದೆ, ಆಗ ಮತ್ತೆ ಮೊದಲಿಂದ. ಹಾಗಾಗಿ ಹೊಸಬರಿಗೆ ನಾನು ಹೇಳುವುದು ಇಷ್ಟು: ಎಸಿ ಮೊದಲೇ ಹಾಕಿ, ವಾದಕರು ಶ್ರುತಿ ಮುಗಿಸುವ ತನಕ ಮೈಕ್ ಆಫ್ ಮಾಡಿ ಪಕ್ಕದಲ್ಲಿ ಕೂತು ಬರೀ ಕಿವಿಯಲ್ಲಿ ಆ ನಡುಕ ಕೇಳಿಸಿಕೊಳ್ಳಿ, ಆಮೇಲೆ ಇಕ್ಯೂ, ಅಂದರೆ ಬೇಸ್, ಮಿಡ್ ಏರಿಸಿ ತಗ್ಗಿಸುವ ಗುಂಡಿ, ಮುಟ್ಟಿ.